ಎರಡೆರಡು ಬೇಡ, ಹತ್ತು ಇರಲಿ: ಸಿಹಿನೀರಿನ ಅಕ್ವೇರಿಯಂಗೆ ಗುಂಪು ಮೀನು ಆರಿಸುವ ಬಗೆ

ಮೀನಂಗಡಿಯ ಗಾಜಿನ ಮುಂದೆ ನಿಂತಾಗ ನಾವೆಲ್ಲ ಮಾಡುವುದು ಒಂದೇ. "ಇದು ಎರಡು ಕೊಡಿ, ಅದು ಎರಡು, ಆ ಕೆಂಪುದು ಎರಡು" ಅಂತ ಬೆರಳು ತೋರಿಸುತ್ತಾ ಹೋಗುತ್ತೇವೆ. ನನ್ನ ಮೊದಲ ತೊಟ್ಟಿ ಹೀಗೇ ತುಂಬಿತ್ತು. ಎರಡು ನಿಯಾನ್ ಟೆಟ್ರಾ, ಎರಡು ಟೈಗರ್ ಬಾರ್ಬ್, ಎರಡು ಜೀಬ್ರಾ ಡ್ಯಾನಿಯೊ, ಸಾಲದು ಅಂತ ಒಂದು ಏಂಜಲ್. ತಿಂಗಳು ತುಂಬುವುದರೊಳಗೆ ಏಂಜಲ್‌ನ ಉದ್ದ ರೆಕ್ಕೆಗಳು ಹರಕು ಬಟ್ಟೆಯಾಗಿದ್ದವು. ನಿಯಾನ್‌ಗಳು ಫಿಲ್ಟರ್ ಹಿಂದಿನ ಮೂಲೆ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ಟೈಗರ್ ಬಾರ್ಬ್ ಅಂದರೆ ಪೋಕರಿ ಮೀನು ಅಂತ ಆಗ ತೀರ್ಮಾನ ಮಾಡಿಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ಅದೇ ಟೈಗರ್ ಬಾರ್ಬ್ ಹನ್ನೆರಡು ತಂದು ಬೇರೆ ತೊಟ್ಟಿಯಲ್ಲಿ ಸಾಕಿದೆ. ದಿನವಿಡೀ ಅಟ್ಟಾಡಿಸಿಕೊಂಡು ಓಡುತ್ತಿದ್ದವು, ನಿಜ. ಆದರೆ ಅದೆಲ್ಲ ಅವುಗಳ ಮನೆಯೊಳಗಿನ ಜಗಳ. ತಳದಲ್ಲಿದ್ದ ಮೀನುಗಳ ತಂಟೆಗೆ ಹೋಗಲೇ ಇಲ್ಲ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಮೀನಿನ ಬಗೆ ಕಡಿಮೆ ಇರಲಿ, ಪ್ರತಿ ಬಗೆಯ ಸಂಖ್ಯೆ ಜಾಸ್ತಿ ಇರಲಿ. ಅದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ.

ಗುಂಪು ಅಂದರೆ ಎಷ್ಟು ಮೀನು?

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಕೆಲವು ಮೀನುಗಳು ಒಟ್ಟಿಗೆ ಇರುತ್ತವೆ, ಆದರೆ ಮೇಯುವ ಕುರಿಗಳ ಹಾಗೆ ತಂತಮ್ಮ ಪಾಡಿಗೆ ಚದುರಿಕೊಂಡು ಓಡಾಡುತ್ತವೆ. ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್ ಇಂಥವು. ಇನ್ನು ಕೆಲವು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಸೂತ್ರ ಕಟ್ಟಿದ ಹಾಗೆ ಒಟ್ಟಿಗೇ ತಿರುಗುತ್ತವೆ. ಇದರಲ್ಲಿ ರಮ್ಮಿನೋಸ್ ಟೆಟ್ರಾ ಎತ್ತಿದ ಕೈ. ಚದುರಿಕೊಂಡು ಇರುವ ಮೀನುಗಳೂ ಹೆದರಿದಾಗ ಒತ್ತಾಗಿ ಸೇರುತ್ತವೆ. ಹಾಗಾಗಿ ನಿಮ್ಮ ನಿಯಾನ್‌ಗಳು ಇಡೀ ದಿನ ಒಂದೇ ಮುದ್ದೆಯಾಗಿ ನಿಂತಿದ್ದರೆ ಖುಷಿಪಡಬೇಡಿ. ಅವಕ್ಕೆ ಯಾವುದೋ ಭಯ ಇದೆ ಅಂತ ಲೆಕ್ಕ.

ಗುಂಪು ಕಟ್ಟುವುದು ಜೀವ ಉಳಿಸಿಕೊಳ್ಳುವ ದಾರಿ. ನೂರು ಮೀನು ಒಟ್ಟಿಗೆ ಹೊರಳಿದರೆ ಬೇಟೆಗಾರ ಮೀನಿಗೆ ಒಂದರ ಮೇಲೆ ಗುರಿ ಹಿಡಿಯಲು ಆಗುವುದಿಲ್ಲ. ಅಪಾಯ ಕಾಣುವ ಕಣ್ಣುಗಳೂ ಜಾಸ್ತಿ. ಪಕ್ಕದ ಮೀನು ಎತ್ತ ತಿರುಗಿತು ಅಂತ ಕಣ್ಣಿನ ಜೊತೆಗೆ ಮೈಯ ಪಕ್ಕೆಯಲ್ಲಿರುವ ಪಾರ್ಶ್ವರೇಖೆಯೂ ಹೇಳುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಹಿಡಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಬೇಟೆಗಾರ ಇಲ್ಲ, ಆದರೆ ಮೀನಿಗೆ ಅದು ಗೊತ್ತಿಲ್ಲವಲ್ಲ! ಎರಡೇ ಇದ್ದರೆ ಅದು ಸದಾ ಎಚ್ಚರದಲ್ಲೇ ಇರುತ್ತದೆ. ಬಣ್ಣ ಮಂಕಾಗುತ್ತದೆ, ತಿನ್ನುವುದು ಕಡಿಮೆಯಾಗುತ್ತದೆ, ರೋಗ ಬೇಗ ಹತ್ತುತ್ತದೆ.

ಇನ್ನೊಂದು ವಿಷಯ. ಗುಂಪು ಮೀನುಗಳಲ್ಲೂ ದೊಡ್ಡವನು ಸಣ್ಣವನು ಅನ್ನುವ ಮೇಲುಕೀಳು ಇರುತ್ತದೆ. ಮೂರೇ ಇದ್ದರೆ ಇಬ್ಬರು ಸೇರಿ ಒಬ್ಬನನ್ನು ಹಿಂಸಿಸುತ್ತಾರೆ. ಹತ್ತಿದ್ದರೆ ಅದೇ ಕಾಟ ಹತ್ತು ಪಾಲಾಗಿ ಹಂಚಿಹೋಗುತ್ತದೆ, ಯಾರಿಗೂ ಹೆಚ್ಚು ಪೆಟ್ಟು ಬೀಳುವುದಿಲ್ಲ.

ಹಾಗಾದರೆ ಎಷ್ಟು? ಎಲ್ಲರೂ ಹೇಳುವ ಲೆಕ್ಕ ಆರು. ನನ್ನ ಪ್ರಕಾರ ಆರು ಅನ್ನುವುದು ಪಾಸ್ ಮಾರ್ಕು ಮಾತ್ರ. ಒಂದು ಸತ್ತರೆ ಫೇಲು. ಎಂಟರಿಂದ ಹತ್ತು ಇಟ್ಟುಕೊಳ್ಳಿ. ಟೈಗರ್ ಬಾರ್ಬ್, ಸೆರ್ಪೆ ಟೆಟ್ರಾದಂಥ ತುಂಟ ಮೀನಾದರೆ ಹತ್ತರಿಂದ ಹನ್ನೆರಡು. ರಮ್ಮಿನೋಸ್ ಆದರೆ ಹನ್ನೆರಡರ ಕೆಳಗೆ ಅದರ ಸೊಗಸೇ ಕಾಣುವುದಿಲ್ಲ.

ಈ ಎಣಿಕೆ ಒಂದೇ ಜಾತಿಯ ಮೀನಿನದು. ಮೂರು ನಿಯಾನ್, ಮೂರು ಎಂಬರ್ ಟೆಟ್ರಾ ಸೇರಿದರೆ ಆರರ ಗುಂಪು ಆಗುವುದಿಲ್ಲ. ಆದರೆ ಬಣ್ಣ ಬೇರೆ ಇದ್ದು ಜಾತಿ ಒಂದೇ ಆಗಿದ್ದರೆ ತೊಂದರೆ ಇಲ್ಲ. ಹಸಿರು ಟೈಗರ್ ಬಾರ್ಬ್, ಬಿಳಿ ಟೈಗರ್ ಬಾರ್ಬ್, ಪಟ್ಟೆಯ ಟೈಗರ್ ಬಾರ್ಬ್ ಮೂರೂ ಒಂದೇ ಮೀನು. ಬಣ್ಣಬಣ್ಣದ ಗುಂಪು ಬೇಕು ಅನ್ನುವವರಿಗೆ ಇದು ಸುಲಭದ ದಾರಿ. ಆದರೆ ಮೈಗೆ ಬಣ್ಣ ಚುಚ್ಚಿ ಅಥವಾ ಬಣ್ಣದಲ್ಲಿ ಅದ್ದಿ ಮಾರುವ ಗುಲಾಬಿ, ನೀಲಿ ವಿಡೋ ಟೆಟ್ರಾಗಳನ್ನು ಮಾತ್ರ ತರಬೇಡಿ. ಆ ಹಿಂಸೆಯಲ್ಲೇ ಬಹಳಷ್ಟು ಸಾಯುತ್ತವೆ. ಉಳಿದವುಗಳ ಬಣ್ಣವೂ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ.

ಹೆಜ್ಜೆ 1: ಟೇಪು ಹಿಡಿದು ತೊಟ್ಟಿ ಅಳೆಯಿರಿ

ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 × 30 × 36ರ ತೊಟ್ಟಿ ಅಂದರೆ ಸುಮಾರು 65 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಉಳಿಯುವ ನೀರು 55 ಲೀಟರ್ ಆಸುಪಾಸು. ಲೆಕ್ಕ ಹಾಕುವಾಗ ಈ ಎರಡನೇ ಅಂಕಿ ಹಿಡಿಯಿರಿ.

ಗುಂಪು ಮೀನಿಗೆ ಲೀಟರಿಗಿಂತ ಉದ್ದ ಮುಖ್ಯ. ಅವು ಮೇಲೆ ಕೆಳಗೆ ಈಜುವುದಿಲ್ಲ, ಅಡ್ಡಡ್ಡ ಓಡುತ್ತವೆ. ಎತ್ತರವಾಗಿ, ಕಿರಿದಾಗಿ ಇರುವ ಶೋಕಿ ತೊಟ್ಟಿಯಲ್ಲಿ 80 ಲೀಟರ್ ನೀರಿದ್ದರೂ ಜೀಬ್ರಾ ಡ್ಯಾನಿಯೊಗೆ ಅದು ಬಾವಿ ಇದ್ದ ಹಾಗೆ. ಒರಟಾಗಿ ಹೇಳಬೇಕೆಂದರೆ 60 ಸೆಂ.ಮೀ. ಉದ್ದದ ತೊಟ್ಟಿಗೆ 4 ಸೆಂ.ಮೀ. ಒಳಗಿನ ಶಾಂತ ಮೀನುಗಳು. 90 ಸೆಂ.ಮೀ. ಇದ್ದರೆ ಟೈಗರ್ ಬಾರ್ಬ್, ರಮ್ಮಿನೋಸ್, ಡ್ಯಾನಿಯೊ, ಕುಳ್ಳ ನಿಯಾನ್ ರೇನ್‌ಬೋ. 120 ಸೆಂ.ಮೀ. ದಾಟಿದರೆ ಮಾತ್ರ ಕಾಂಗೋ ಟೆಟ್ರಾ, ಬೋಸೆಮನಿ ರೇನ್‌ಬೋ, ಡೆನಿಸನ್ ಬಾರ್ಬ್.

"ಒಂದು ಇಂಚು ಮೀನಿಗೆ ಒಂದು ಗ್ಯಾಲನ್ ನೀರು" ಅನ್ನುವ ಹಳೇ ಸೂತ್ರ ನೀವೂ ಕೇಳಿರಬಹುದು. ಸಣ್ಣ ಟೆಟ್ರಾಗಳಿಗೆ ಹೇಗೋ ನಡೆಯುತ್ತದೆ, ದೊಡ್ಡ ಮೀನಿಗೆ ಪೂರ್ತಿ ಸುಳ್ಳು. ಒಂದು ಮೀನು ಇನ್ನೊಂದರ ಹತ್ತು ಪಟ್ಟು ಉದ್ದ ಇದ್ದರೆ ಅದರ ತೂಕ ಹತ್ತು ಪಟ್ಟಲ್ಲ, ಹತ್ತಿರ ಹತ್ತಿರ ಸಾವಿರ ಪಟ್ಟು. ಅದು ತಿನ್ನುವುದು, ಗಲೀಜು ಮಾಡುವುದು ಎರಡೂ ಹತ್ತು ಪಟ್ಟಿಗಿಂತ ತುಂಬಾ ಜಾಸ್ತಿ ಏರುತ್ತದೆ.

ಇನ್ನೊಂದು ಎಚ್ಚರಿಕೆ: ಅಂಗಡಿಯಲ್ಲಿ ಕಾಣುವುದು ಮರಿ. ಬಾಲಾ ಶಾರ್ಕ್ ಅಲ್ಲಿ 5 ಸೆಂ.ಮೀ. ಇರುತ್ತದೆ, ಬೆಳೆದರೆ 30 ಸೆಂ.ಮೀ. ದಾಟುತ್ತದೆ. ಟಿನ್‌ಫಾಯಿಲ್ ಬಾರ್ಬ್ ಕೂಡ ಹಾಗೇ. ಕ್ಲೌನ್ ಲೋಚ್ 20-30 ಸೆಂ.ಮೀ. ಬೆಳೆಯುತ್ತದೆ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬದುಕಬಲ್ಲದು. ಮೂರೂ ಗುಂಪು ಮೀನುಗಳೇ, ಅಂದರೆ ಒಂದನ್ನು ತಂದು ಸುಧಾರಿಸುವ ಹಾಗೂ ಇಲ್ಲ. ಮನೆಯ ಸಾಮಾನ್ಯ ತೊಟ್ಟಿಗೆ ಇವು ಬೇಡವೇ ಬೇಡ.

ಹೆಜ್ಜೆ 2: ನಿಮ್ಮ ನೀರು ಎಂಥದ್ದು?

ಮೂರು ಸಂಗತಿ ತಿಳಿದರೆ ಸಾಕು: ಬಿಸಿ ಎಷ್ಟು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಎಷ್ಟು, ನೀರು ಗಡಸೋ ಮೃದುವೋ. ಇವನ್ನು ಅಳೆಯುವ ಕಿಟ್ ಒಂದು ತಂದಿಟ್ಟುಕೊಳ್ಳಿ. ಅದರಲ್ಲೇ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ವ್ಯವಸ್ಥೆಯೂ ಇರಲಿ.

ನೀರನ್ನು ಮೀನಿಗೆ ತಕ್ಕಂತೆ ಬದಲಾಯಿಸುವುದಕ್ಕಿಂತ ನೀರಿಗೆ ತಕ್ಕ ಮೀನು ತರುವುದು ಸುಲಭ. ಪಿಎಚ್ ಇಳಿಸುವ ಔಷಧಿ ಹಾಕಿದರೆ ಇಂದು ಇಳಿಯುತ್ತದೆ, ನಾಳೆ ಮೇಲೇರುತ್ತದೆ. ಮೀನಿಗೆ ಸ್ವಲ್ಪ ಹೆಚ್ಚುಕಮ್ಮಿ ಪಿಎಚ್ ಒಗ್ಗುತ್ತದೆ, ಈ ಏರಿಳಿತ ಒಗ್ಗುವುದಿಲ್ಲ. ಟೆಟ್ರಾ ಮತ್ತು ರಾಸ್‌ಬೋರಾಗಳಲ್ಲಿ ಹೆಚ್ಚಿನವು ಮೃದುವಾದ, ಸ್ವಲ್ಪ ಹುಳಿಯಿರುವ ನೀರಿನವು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ನಿಯಾನ್ ಪಿಎಚ್ 7.5ರವರೆಗೂ ಹೊಂದಿಕೊಳ್ಳುತ್ತದೆ. ಕಾರ್ಡಿನಲ್ ಟೆಟ್ರಾಗಳಲ್ಲಿ ಇಂದಿಗೂ ಅಮೆಜಾನ್‌ನ ರಿಯೊ ನೀಗ್ರೊ ನದಿಯಿಂದ ಹಿಡಿದು ತಂದವು ಇರುತ್ತವೆ. ಅವಕ್ಕೆ ಗಡಸು ನೀರು ಅಷ್ಟು ಹಿಡಿಸುವುದಿಲ್ಲ. ನಿಮ್ಮ ನೀರು ಗಡಸಾಗಿದ್ದರೆ ರೇನ್‌ಬೋ ಮೀನು, ಜೀಬ್ರಾ ಡ್ಯಾನಿಯೊ ನೋಡಿ. ಇವು ಬಹಳ ಚೆನ್ನಾಗಿ ಬಾಳುತ್ತವೆ.

ಜೋಡಿ ಹೊಂದಿಸುವಾಗ ಜನ ಪಿಎಚ್ ಬಗ್ಗೆ ತಲೆ ಕೆಡಿಸಿಕೊಂಡು ನೀರಿನ ಬಿಸಿಯನ್ನು ಮರೆಯುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ವೈಟ್ ಕ್ಲೌಡ್ ಅನ್ನುವ ಪುಟ್ಟ ಮೀನು ಚೀನಾದ ಗುವಾಂಗ್ಝೌ ಹತ್ತಿರದ ಬೆಟ್ಟದ ತೊರೆಗಳದ್ದು. ಅದಕ್ಕೆ 16ರಿಂದ 22 ಡಿಗ್ರಿ ಸಾಕು. ಜೀಬ್ರಾ ಡ್ಯಾನಿಯೊಗೆ 18ರಿಂದ 25. ನಿಯಾನ್ 21ರಿಂದ 26. ಚೆರ್ರಿ ಬಾರ್ಬ್, ಹಾರ್ಲೆಕ್ವಿನ್ ರಾಸ್‌ಬೋರಾ 22ರಿಂದ 27. ಕಾರ್ಡಿನಲ್‌ಗೆ 24ರಿಂದ 28. ವೈಟ್ ಕ್ಲೌಡ್ ಮತ್ತು ಕಾರ್ಡಿನಲ್ ಎರಡೂ ಸಾಧು ಪ್ರಾಣಿಗಳು, ಒಂದನ್ನೊಂದು ಮುಟ್ಟುವುದೂ ಇಲ್ಲ. ಆದರೂ ಒಂದೇ ತೊಟ್ಟಿಯಲ್ಲಿಟ್ಟರೆ ಒಬ್ಬರಿಗೆ ಸದಾ ಸೆಕೆ, ಇಲ್ಲವೇ ಇನ್ನೊಬ್ಬರಿಗೆ ಸದಾ ಚಳಿ. ಎರಡು ಮೀನುಗಳ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ. ಕನಿಷ್ಠ ಎರಡು ಮೂರು ಡಿಗ್ರಿಯಾದರೂ ಇಬ್ಬರಿಗೂ ಹೊಂದಬೇಕು. ತುದಿಗೆ ತುದಿ ತಾಗಿದರೆ ಸಾಲದು.

ಹೊಸ ತೊಟ್ಟಿಯಾಗಿದ್ದರೆ ಮೀನು ತರುವ ಮೊದಲು ಫಿಲ್ಟರ್ ಪಳಗಬೇಕು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಲ್ಲುವವರೆಗೆ ಕಾಯಿರಿ. ಬೇರೆ ದಾರಿ ಇಲ್ಲ.

ಹೆಜ್ಜೆ 3: ಮುಖ್ಯ ಗುಂಪು ಒಂದೇ ಆರಿಸಿ

ತೊಟ್ಟಿಯಲ್ಲಿ ಯಾರು ನಾಯಕರು ಅಂತ ಮೊದಲು ನಿರ್ಧಾರವಾಗಲಿ. ಸಾಮಾನ್ಯವಾಗಿ ನೀರಿನ ನಡುಮಟ್ಟದಲ್ಲಿ ಈಜುವ ಒಂದು ಮೀನು. ಉಳಿದವರೆಲ್ಲ ಇದಕ್ಕೆ ಹೊಂದಬೇಕು. ನಾನು ಸಾಕಿದ, ಹತ್ತಿರದಿಂದ ನೋಡಿದ ಕೆಲವನ್ನು ಹೇಳುತ್ತೇನೆ.

ನಿಯಾನ್ ಟೆಟ್ರಾ ಎಲ್ಲರಿಗೂ ಗೊತ್ತು. ಬೆಳೆದರೆ 3-4 ಸೆಂ.ಮೀ. ಶಾಂತ, ಅಗ್ಗ, ಚೆಂದ. ಒಂದು ಸಮಸ್ಯೆ ಏನೆಂದರೆ ರಾಶಿ ರಾಶಿ ಮರಿ ಮಾಡಿ ದೂರದಿಂದ ಸಾಗಿಸುವುದರಿಂದ ತಂದ ಹೊಸದರಲ್ಲಿ ಕೆಲವು ಸಾಯುತ್ತವೆ. ಕಾರ್ಡಿನಲ್ ಟೆಟ್ರಾ ಇದರ ದಾಯಾದಿ. ಗುರುತಿಸುವುದು ಸುಲಭ: ನಿಯಾನ್‌ನಲ್ಲಿ ಕೆಂಪು ಪಟ್ಟೆ ಅರ್ಧ ಮೈಯಿಂದ ಹಿಂದಕ್ಕೆ ಮಾತ್ರ, ಕಾರ್ಡಿನಲ್‌ನಲ್ಲಿ ಮೂತಿಯಿಂದ ಬಾಲದವರೆಗೂ ಇರುತ್ತದೆ. ನೀರು ಮೃದುವಾಗಿದ್ದು 26 ಡಿಗ್ರಿ ಆಸುಪಾಸು ಇದ್ದರೆ ಕಾರ್ಡಿನಲ್ ತನ್ನಿ.

ಹಾರ್ಲೆಕ್ವಿನ್ ರಾಸ್‌ಬೋರಾ ನನ್ನ ಮೆಚ್ಚಿನದು. ತಾಮ್ರದ ಬಣ್ಣದ ಮೈ, ಹಿಂಭಾಗದಲ್ಲಿ ಕಪ್ಪು ತ್ರಿಕೋನ. ಆಗ್ನೇಯ ಏಷ್ಯಾದ ತೊರೆಗಳದ್ದು, 4-5 ಸೆಂ.ಮೀ. ಬೆಳೆಯುತ್ತದೆ. ನಿಯಾನ್‌ಗಿಂತ ಗಟ್ಟಿ ಜೀವ, ಯಾರ ರೆಕ್ಕೆಯನ್ನೂ ಕಚ್ಚುವುದಿಲ್ಲ. ಮೊದಲ ಬಾರಿ ಗುಂಪು ಮೀನು ಸಾಕುವವರು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ರಮ್ಮಿನೋಸ್ ಟೆಟ್ರಾ ನಿಜವಾದ ಕವಾಯತು ಮೀನು. ಕೆಂಪು ಮೂತಿ, ಕಪ್ಪು ಬಿಳುಪು ಪಟ್ಟೆಯ ಬಾಲ. ನೀರು ಕೆಟ್ಟರೆ ಮೂತಿಯ ಕೆಂಪು ಮಾಸುತ್ತದೆ. ಟೆಸ್ಟ್ ಕಿಟ್ ತೆಗೆಯುವ ಮೊದಲೇ ಅದು ಸುದ್ದಿ ಕೊಟ್ಟಿರುತ್ತದೆ. ಹಾಗಂತ ಹೊಸ ತೊಟ್ಟಿಗೆ ತರಬೇಡಿ. ಆರು ತಿಂಗಳಾದರೂ ಹಳೆಯದಾದ, ನೆಲೆನಿಂತ ತೊಟ್ಟಿಗೆ ಅದು ಸರಿ.

ಚೆರ್ರಿ ಬಾರ್ಬ್ ಶ್ರೀಲಂಕಾದ ಮೀನು. ಬಾರ್ಬ್ ಅಂದ ಕೂಡಲೇ ಹೆದರುವವರಿಗೆ ಇದು ಉತ್ತರ, ಅಷ್ಟು ಸಾಧು. ಗಂಡು ಕಡುಗೆಂಪು, ಹೆಣ್ಣು ಕಂದು. ಅಂಗಡಿಯಲ್ಲಿ ಕೆಂಪಾಗಿರುವುದನ್ನೇ ಆರಿಸಿ ತರುವ ಆಸೆಯಾಗುತ್ತದೆ, ಅಲ್ವಾ? ಹಾಗೆ ಮಾಡಬೇಡಿ. ಒಂದು ಗಂಡಿಗೆ ಎರಡು ಹೆಣ್ಣು ಇರಲಿ. ಹೆಣ್ಣಿದ್ದರೇ ಗಂಡು ಕೆಂಪೇರುವುದು.

ತೀರಾ ಸಣ್ಣ ತೊಟ್ಟಿಗೆ ಎಂಬರ್ ಟೆಟ್ರಾ ಇದೆ, ಚಿಲಿ ರಾಸ್‌ಬೋರಾ ಇದೆ. ಎರಡೂ 2 ಸೆಂ.ಮೀ. ಅಷ್ಟೇ. ಇವುಗಳ ಜೊತೆ ಇಷ್ಟೇ ಪುಟ್ಟ ಮೀನುಗಳು ಮಾತ್ರ ಇರಬೇಕು. 2006ರಲ್ಲಿ ಮ್ಯಾನ್ಮಾರ್‌ನಲ್ಲಿ ಸಿಕ್ಕಿದ ಸೆಲೆಸ್ಟಿಯಲ್ ಪರ್ಲ್ ಡ್ಯಾನಿಯೊ ಕೂಡ ಇದೇ ಸಾಲಿನದು. ನೋಡಲು ಚುಕ್ಕಿ ಆಕಾಶದ ಹಾಗಿದೆ, ಆದರೆ ಮಹಾ ನಾಚಿಕೆಯ ಮೀನು.

ಜೀಬ್ರಾ ಡ್ಯಾನಿಯೊ ಬಲು ಗಟ್ಟಿ. ಎಲ್ಲರೂ ಮೊದಲ ಮೀನಾಗಿ ಇದನ್ನೇ ಹೇಳುತ್ತಾರೆ. ನನ್ನ ತಕರಾರು ಒಂದೇ: ಕುಂತಲ್ಲಿ ಕೂರುವುದಿಲ್ಲ. ಅದರ ಓಡಾಟ ನೋಡಿಯೇ ಶಾಂತ ಮೀನುಗಳು ಕಂಗೆಡುತ್ತವೆ. ಹಾಕಿದ ಆಹಾರವನ್ನೆಲ್ಲ ಅದೇ ಮುಗಿಸುತ್ತದೆ. ಇದನ್ನು ಆರಿಸಿದರೆ ಉಳಿದವರೂ ಚುರುಕಿನವರೇ ಇರಲಿ.

ಇನ್ನು ಡೆನಿಸನ್ ಬಾರ್ಬ್. ಪಶ್ಚಿಮ ಘಟ್ಟದ ಹೊಳೆಗಳ ಮೀನು, ಮಿಸ್ ಕೇರಳ ಅಂತಲೂ ಕರೆಯುತ್ತಾರೆ. 11 ಸೆಂ.ಮೀ. ದಾಟಿ ಬೆಳೆಯುತ್ತದೆ, ಹರಿಯುವ ತಂಪು ನೀರು ಕೇಳುತ್ತದೆ, ಉದ್ದದ ತೊಟ್ಟಿ ಬೇಕು. ಹೊಳೆಗಳಿಂದ ವಿಪರೀತ ಹಿಡಿದಿದ್ದರಿಂದಲೂ ಇದು ಅಳಿವಿನ ಅಂಚಿಗೆ ಬಂದಿದೆ. ಬೇಕೇ ಬೇಕು ಅನ್ನಿಸಿದರೆ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನೇ ಅಂತ ಕೇಳಿ ಖಚಿತ ಮಾಡಿಕೊಂಡು ತನ್ನಿ.

ಹೆಜ್ಜೆ 4: ಎರಡನೇ ಗುಂಪು ಬೇರೆ ಮಟ್ಟದಲ್ಲಿರಲಿ

ನಡುಮಟ್ಟದಲ್ಲಿ ಎರಡು ಮೂರು ಬಗೆ ತುರುಕಿದರೆ ಅಲ್ಲಿ ನೂಕುನುಗ್ಗಲು, ಮೇಲೆ ಕೆಳಗೆ ಖಾಲಿ. ಎರಡನೇ ಗುಂಪನ್ನು ತಳಕ್ಕೆ ಆರಿಸಿ. ಕೋರಿಡೋರಸ್ ಇದಕ್ಕೆ ಹೇಳಿ ಮಾಡಿಸಿದ ಮೀನು.

ಇದನ್ನು ತೊಟ್ಟಿ ಗುಡಿಸುವ ಮೀನು ಅಂತ ಒಂದೊಂದೇ ಮಾರುತ್ತಾರೆ. ಅದು ಗುಡಿಸುವುದೂ ಇಲ್ಲ, ಒಂಟಿಯಾಗಿ ಬಾಳುವುದೂ ಇಲ್ಲ. ಆರಾದರೂ ಬೇಕು, ಅದಕ್ಕೇ ಅಂತ ಮುಳುಗುವ ಆಹಾರವೂ ಬೇಕು. ತಳಕ್ಕೆ ನುಣ್ಣನೆ ಮರಳು ಹಾಕಿ. ಅದು ಮೂತಿ ಹೂತು ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಹೊರಬಿಡುತ್ತದೆ. ಚೂಪು ಜಲ್ಲಿ ಇದ್ದರೆ, ತಳ ಕೊಳೆಯಾಗಿದ್ದರೆ ಮೀಸೆಗಳು ಸವೆದುಹೋಗುತ್ತವೆ. ಆಗಾಗ ಮೇಲೆ ಜಿಗಿದು ಗಾಳಿ ಗುಟುಕರಿಸುತ್ತದೆ, ಅದಕ್ಕೆ ಗಾಬರಿ ಬೇಡ. ಅದರ ಕರುಳೇ ಗಾಳಿ ಹೀರಿಕೊಳ್ಳುತ್ತದೆ. ನಿಮಿಷಕ್ಕೊಮ್ಮೆ ಎಲ್ಲವೂ ಜಿಗಿಯುತ್ತಿದ್ದರೆ ಮಾತ್ರ ನೀರಿನಲ್ಲಿ ಆಮ್ಲಜನಕ ಕಡಿಮೆ ಅಂತ ತಿಳಿಯಿರಿ.

ಇದರಲ್ಲೂ ಬಿಸಿಯ ಲೆಕ್ಕ ಇದೆ. ಸ್ಟರ್ಬೈ ಕೋರಿಡೋರಸ್‌ಗೆ 24ರಿಂದ 28 ಡಿಗ್ರಿ, ಹಾಗಾಗಿ ಕಾರ್ಡಿನಲ್, ರಮ್ಮಿನೋಸ್ ಜೊತೆ ಸರಿ. ಕಂಚಿನ ಬಣ್ಣದ್ದು 21ರಿಂದ 26. ಚುಕ್ಕೆಚುಕ್ಕೆಯ ಪೆಪ್ಪರ್ಡ್ ಕೋರಿಡೋರಸ್‌ಗೆ ತಂಪು ನೀರು ಇಷ್ಟ. ಅಂದಹಾಗೆ ಇದನ್ನು ಬೀಗಲ್ ಹಡಗಿನ ಪ್ರವಾಸದಲ್ಲಿ ಸಂಗ್ರಹಿಸಿದವರು ಚಾರ್ಲ್ಸ್ ಡಾರ್ವಿನ್. 1842ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಂತು. 60 ಸೆಂ.ಮೀ. ತೊಟ್ಟಿಗಾದರೆ ಪಿಗ್ಮಿ ಕೋರಿಡೋರಸ್ ನೋಡಿ, 3 ಸೆಂ.ಮೀ. ಮೀರುವುದಿಲ್ಲ.

ತಳಕ್ಕೆ ಇನ್ನೊಂದು ಆಯ್ಕೆ ಕೂಲಿ ಲೋಚ್. ಹಾವಿನ ಮರಿಯ ಹಾಗೆ ಕಾಣುತ್ತದೆ, ರಾತ್ರಿ ಚುರುಕು. ಹಗಲಲ್ಲಿ ಕಾಣಬೇಕಾದರೆ ಆರೇಳು ಇರಬೇಕು. ಮೇಲ್ಮಟ್ಟಕ್ಕೆ ಹ್ಯಾಚೆಟ್ ಮೀನು ಇದೆ. ಜಿಗಿಯುವುದರಲ್ಲಿ ನಿಸ್ಸೀಮ, ಸಂದಿಲ್ಲದ ಮುಚ್ಚಳ ಇಲ್ಲದಿದ್ದರೆ ಬೆಳಿಗ್ಗೆ ನೆಲದ ಮೇಲೆ ಸಿಗುತ್ತದೆ.

ಹೆಜ್ಜೆ 5: ಬಾಯಿ ನೋಡಿ, ರೆಕ್ಕೆ ನೋಡಿ

ಬಾಯಿಗೆ ಹಿಡಿಯುವುದೆಲ್ಲ ಮೀನಿಗೆ ಆಹಾರ. ಏಂಜಲ್ ಮತ್ತು ನಿಯಾನ್ ಕಥೆ ಇದೇ. ಏಂಜಲ್ ಮರಿಯಾಗಿದ್ದಾಗ ಆರು ತಿಂಗಳು ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ದಿನಕ್ಕೊಂದು ನಿಯಾನ್ ಮಾಯ. ನಿಯಾನ್ ತೆಳ್ಳಗಿರುವುದರಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಏಂಜಲ್ ಬೇಕೇ ಬೇಕಾದರೆ ಮೈ ಎತ್ತರವಿರುವ ಲೆಮನ್ ಟೆಟ್ರಾ, ಬ್ಲೀಡಿಂಗ್ ಹಾರ್ಟ್ ಟೆಟ್ರಾದಂಥವು ಜೊತೆಗಿರಲಿ.

ರೆಕ್ಕೆ ಕಚ್ಚುವವರ ಪಟ್ಟಿಯಲ್ಲಿ ಟೈಗರ್ ಬಾರ್ಬ್, ಸೆರ್ಪೆ ಟೆಟ್ರಾ ಮೊದಲು. ವಿಡೋ ಟೆಟ್ರಾ ಕೂಡ ಕಡಿಮೆ ಏನಲ್ಲ. ದೊಡ್ಡ ಗುಂಪಿದ್ದರೆ ಇವುಗಳ ಹಲ್ಲು ತಮ್ಮವರ ಮೇಲೇ ತಿರುಗುತ್ತದೆ ಅಂದೆನಲ್ಲ, ಅದು ಬಹುಮಟ್ಟಿಗೆ ನಿಜ. ಪೂರ್ತಿ ನಿಜ ಅಲ್ಲ. ಉದ್ದ ರೆಕ್ಕೆ ಇಳಿಬಿಟ್ಟುಕೊಂಡು ನಿಧಾನ ಈಜುವ ಬೆಟ್ಟಾ, ಏಂಜಲ್, ಗಪ್ಪಿಗಳನ್ನು ಇವುಗಳ ಜೊತೆ ಇಡಲೇಬೇಡಿ, ಎಷ್ಟೇ ದೊಡ್ಡ ಗುಂಪಿರಲಿ.

ಪಾಚಿ ತಿನ್ನುತ್ತದೆ ಅಂತ ಮಾರುವ ಚೈನೀಸ್ ಆಲ್ಗೆ ಈಟರ್ ಬಗ್ಗೆಯೂ ಒಂದು ಮಾತು. ಬೆಳೆದ ಮೇಲೆ ಅದು ಪಾಚಿ ಬಿಟ್ಟು ಬೇರೆ ಮೀನಿನ ಮೈಗೆ ಅಂಟಿಕೊಂಡು ಲೋಳೆ ಹೀರುತ್ತದೆ. ಬಿಟ್ಟುಬಿಡಿ.

ಹೆಜ್ಜೆ 6: ಕಾಗದದ ಮೇಲೆ ಕೂಟ ಕಟ್ಟಿ

ಅಂಗಡಿಗೆ ಹೋಗುವ ಮೊದಲೇ ಪಟ್ಟಿ ಬರೆದಿರಬೇಕು. ನನಗೆ ಸರಿ ಕಂಡ ನಾಲ್ಕು ಕೂಟಗಳು ಇವು. ಎಲ್ಲಕ್ಕೂ ಪಳಗಿದ ಫಿಲ್ಟರ್, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ ಇದ್ದೇ ಇರುತ್ತದೆ ಅಂತ ಲೆಕ್ಕ.

60 × 30 × 36ರ ತೊಟ್ಟಿಗೆ ಹತ್ತು ಎಂಬರ್ ಟೆಟ್ರಾ, ಆರು ಪಿಗ್ಮಿ ಕೋರಿಡೋರಸ್, ಜೇನು ಬಣ್ಣದ ಹನೀ ಗೌರಾಮಿ ಮೀನು ಒಂದು. 24-25 ಡಿಗ್ರಿ. ಎಂಬರ್ ಸಿಗದಿದ್ದರೆ ಎಂಟು ನಿಯಾನ್.

90 × 45 × 45ರ ತೊಟ್ಟಿ ಅಂದರೆ 182 ಲೀಟರ್. ಅದಕ್ಕೆ ಹದಿನೈದು ರಮ್ಮಿನೋಸ್, ಎಂಟು ಸ್ಟರ್ಬೈ ಕೋರಿಡೋರಸ್, ಒಂದು ಪರ್ಲ್ ಗೌರಾಮಿ. 26 ಡಿಗ್ರಿ. ಇಲ್ಲಿ ಹತ್ತು ಹಾರ್ಲೆಕ್ವಿನ್ ಕೂಡ ಸೇರಿಸುವಷ್ಟು ಜಾಗ ಇದೆ. ನಾನಾದರೆ ಸೇರಿಸದೆ ರಮ್ಮಿನೋಸ್‌ಗಳನ್ನೇ ಇಪ್ಪತ್ತೈದಕ್ಕೆ ಏರಿಸುತ್ತೇನೆ.

ಗದ್ದಲ ಇಷ್ಟಪಡುವವರಿಗೆ ಇದೇ ಅಳತೆಯಲ್ಲಿ ಹನ್ನೆರಡು ಟೈಗರ್ ಬಾರ್ಬ್, ಹತ್ತು ಜೀಬ್ರಾ ಡ್ಯಾನಿಯೊ, ತಳಕ್ಕೆ ಎಂಟು ಕಂಚಿನ ಕೋರಿಡೋರಸ್. 23-24 ಡಿಗ್ರಿ. ಉದ್ದ ರೆಕ್ಕೆಯ ಡ್ಯಾನಿಯೊ ತಳಿ ಬೇಡ, ಕಾರಣ ನಿಮಗೇ ಗೊತ್ತು.

ತಂಪಾಗಿರುವ ಕೋಣೆ, ಹೀಟರ್ ಬೇಡ ಅನ್ನುವುದಾದರೆ ಹನ್ನೆರಡು ವೈಟ್ ಕ್ಲೌಡ್, ಆರು ಪೆಪ್ಪರ್ಡ್ ಕೋರಿಡೋರಸ್. 75 ಸೆಂ.ಮೀ. ತೊಟ್ಟಿ ಸಾಕು.

ಗಿಡಗಳನ್ನು ಹಿಂದೆ ಮತ್ತು ಪಕ್ಕದಲ್ಲಿ ದಟ್ಟವಾಗಿ ನೆಟ್ಟು ಮುಂದೆ, ನಡುವೆ ಬಯಲು ಬಿಡಿ. ತಳ ಕಪ್ಪಾಗಿದ್ದರೆ ಬಣ್ಣ ಏಳುತ್ತದೆ. ಅಡಗಲು ಜಾಗ ಜಾಸ್ತಿ ಕೊಟ್ಟರೆ ಮೀನು ಕಾಣುವುದೇ ಇಲ್ಲ ಅಂತ ಕೆಲವರು ಎಲ್ಲ ತೆಗೆದುಹಾಕುತ್ತಾರೆ. ಆಗುವುದು ಉಲ್ಟಾ. ಓಡಿಹೋಗಿ ಬಚ್ಚಿಟ್ಟುಕೊಳ್ಳುವ ಜಾಗ ಇದೆ ಅಂತ ಗೊತ್ತಿದ್ದ ಮೀನೇ ಧೈರ್ಯವಾಗಿ ಬಯಲಿಗೆ ಬರುವುದು.

ಹೆಜ್ಜೆ 7: ಅಂಗಡಿಯಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ

ಬೇಕಾದ ಮೀನಿರುವ ತೊಟ್ಟಿಯನ್ನು ಸುಮ್ನೆ ನೋಡಿ. ಒಂದು ಸತ್ತ ಮೀನು ಕಂಡರೂ ಆ ತೊಟ್ಟಿಯಿಂದ ಏನನ್ನೂ ಕೊಳ್ಳಬೇಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಒಳಗೆ ಹೋದ ಹೊಟ್ಟೆ, ಮೈಗೆ ಅಂಟಿಸಿಕೊಂಡ ರೆಕ್ಕೆ, ಗುಂಪು ಬಿಟ್ಟು ಮೂಲೆಯಲ್ಲಿ ನಿಂತವು ಇವೆಯಾ ನೋಡಿ. ನಿಯಾನ್‌ಗಳಲ್ಲಿ ಅಲ್ಲಲ್ಲಿ ಬಣ್ಣ ಹೋಗಿ ಬಿಳಚಿದ್ದರೆ, ಬೆನ್ನು ಬಾಗಿದ್ದರೆ ಅದು ನಿಯಾನ್ ಟೆಟ್ರಾ ರೋಗ ಇರಬಹುದು. ಅದಕ್ಕೆ ಮದ್ದಿಲ್ಲ. ಸ್ವಲ್ಪ ಆಹಾರ ಹಾಕಿ ತೋರಿಸಿ ಅಂತ ಕೇಳಿ. ಮುಜುಗರ ಬೇಡ. ತಿನ್ನುವ ಮೀನೇ ಬದುಕುವ ಮೀನು.

ಗುಂಪಿನ ಎಲ್ಲ ಮೀನನ್ನೂ ಒಂದೇ ಸಲ, ಒಂದೇ ತೊಟ್ಟಿಯಿಂದ ತನ್ನಿ. ಸಾಧ್ಯವಿದ್ದರೆ ಬೇರೆ ಸಣ್ಣ ತೊಟ್ಟಿಯಲ್ಲಿ ಸ್ಪಂಜ್ ಫಿಲ್ಟರ್ ಹಾಕಿ ಮೂರ್ನಾಲ್ಕು ವಾರ ಪ್ರತ್ಯೇಕ ಇಡಿ. ಈ ಒಂದು ಕೆಲಸ ಮಾಡಲು ಸೋಮಾರಿತನ ಮಾಡಿ ನಾನು ಒಮ್ಮೆ ಇಡೀ ತೊಟ್ಟಿಗೆ ಬಿಳಿ ಚುಕ್ಕೆ ರೋಗ ಹತ್ತಿಸಿದ್ದೇನೆ.

ಹೆಜ್ಜೆ 8: ಬಿಡುವ ಕ್ರಮ

ಸಾಧುಗಳು ಮೊದಲು, ದಬ್ಬಾಳಿಕೆಯವರು ಕೊನೆಗೆ. ಮುಖ್ಯ ಗುಂಪು ಮೊದಲು ಬರಲಿ. ಎರಡು ವಾರ ಬಿಟ್ಟು ತಳದ ಗುಂಪು. ಗೌರಾಮಿಯಂಥ ಒಂಟಿ ಮೀನು ಕೊನೆಗೆ. ಮೊದಲೇ ಬಂದವನು ಜಾಗ ನನ್ನದು ಅಂತ ಕೂತುಬಿಡುತ್ತಾನೆ. ಪ್ರತಿ ಸಲ ಮೀನು ಸೇರಿಸಿದ ಮೇಲೆ ಒಂದು ವಾರ ದಿನಬಿಟ್ಟು ದಿನ ಅಮೋನಿಯಾ ಅಳೆಯಿರಿ. ಸೊನ್ನೆಗಿಂತ ಮೇಲೆ ಬಂದರೆ ಆಹಾರ ಕಡಿಮೆ ಮಾಡಿ, ನೀರು ಬದಲಾಯಿಸಿ.

ಕವರನ್ನು ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಗೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ, ಕವರಿನ ನೀರು ತೊಟ್ಟಿಗೆ ಬೇಡ. ಆ ದಿನ ದೀಪ ಆರಿಸಿಡಿ. ಮೊದಲ ಎರಡು ದಿನ ಬಣ್ಣ ಇಲ್ಲದೆ, ಅಡಗಿಕೊಂಡು ಇರುತ್ತವೆ. ಅದು ಮಾಮೂಲು. ವಾರವಾದರೂ ಹಾಗೇ ಇದ್ದರೆ ಯಾರೋ ಕಾಟ ಕೊಡುತ್ತಿದ್ದಾರೆ, ಇಲ್ಲವೇ ಗುಂಪು ಸಣ್ಣದಾಯಿತು.

ಆಹಾರ ಹಾಕುವಾಗ ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ಒಂದು ತುದಿಯಲ್ಲಿ ಹಾಕಿ ಚುರುಕಿನವರನ್ನು ಅಲ್ಲಿಗೆ ಎಳೆದು, ಇನ್ನೊಂದು ತುದಿಯಲ್ಲಿ ಪುಡಿ ಮಾಡಿದ್ದನ್ನು ನಾಚಿಕೆಯವರಿಗೆ ಹಾಕಿ. ತಳದವರ ಮಾತ್ರೆ ದೀಪ ಆರಿದ ಮೇಲೆ.

ವರ್ಷಗಳು ಕಳೆದ ಹಾಗೆ ಗುಂಪು ತಾನಾಗಿ ಕರಗುತ್ತದೆ. ಹತ್ತಿದ್ದ ನಿಯಾನ್ ಏಳಾದಾಗಲೇ ಅದೇ ಜಾತಿಯ ಐದಾರು ಹೊಸದು ತಂದು, ಪ್ರತ್ಯೇಕ ಇಟ್ಟು, ಸೇರಿಸಿ. ಮುಂದುವರಿಸುವ ಮನಸ್ಸಿಲ್ಲದಿದ್ದರೆ ಉಳಿದ ಮೂರ್ನಾಲ್ಕನ್ನು ಅದೇ ಮೀನಿನ ಗುಂಪಿರುವ ಬೇರೆಯವರಿಗೆ ಕೊಟ್ಟುಬಿಡಿ. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ನನ್ನ ಮೊದಲ ತೊಟ್ಟಿಯಲ್ಲಿ ಉಳಿದಿದ್ದ ಒಂಟಿ ನಿಯಾನ್ ಹೀಗೇ ಗೆಳೆಯನ ತೊಟ್ಟಿಗೆ ಹೋಯಿತು. ಅಲ್ಲಿ ಹದಿನಾಲ್ಕು ಇದ್ದವು. ಸಂಜೆ ಹೊತ್ತಿಗೆ ಯಾವುದು ನನ್ನದು ಅಂತ ನನಗೇ ಗೊತ್ತಾಗಲಿಲ್ಲ.